ವಂಶಾನ್ವೇಷಣೆಯೂ ಸತ್ಯವೂ

ತನ್ನ ಹಿಂದಿನವರು ಯಾರೆಂದು ತಿಳಿಯುವ ಆಸೆಯು ಮನುಷ್ಯನಿಗೆ ಸಹಜವಾದುದು. ಆ ಆಸೆಯನ್ನು ನಾವು ತರ್ಪಣದ ಮೂರು ತಲೆಗಳಿಗೆ ನಿಲ್ಲಿಸಿದೆವು. ಕ್ರೈಸ್ತರು ತಮ್ಮ ಧರ್ಮಕೇಂದ್ರಗಳ ಪುಸ್ತಕಗಳಲ್ಲಿ ತಲೆತಲಾಂತರವಾಗಿ ಬರೆದಿಟ್ಟರು. ಆ ಪುಸ್ತಕಗಳ ವಿಷಯವಾಗಿ ಓದಿದ ಕೆಲವು ಸಂಗತಿಗಳು ನನ್ನದೇ ಒಂದು ಹಳೆಯ ಕೃತ್ಯವನ್ನು ಕೆದಕಿದುದರಿಂದ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಐರ್ಲೆಂಡ್ ದೇಶದಲ್ಲಿ 1845ರಿಂದ 1852ರವರೆಗೆ ನಡೆದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. ಹಾಗೆ ಹೋದವರ ಮರಿಮಕ್ಕಳು ಇಂದು ಅಮೆರಿಕ, ಆಸ್ಟ್ರೇಲಿಯಗಳಿಂದ ತಮ್ಮ ಮೂಲವನ್ನು ಹುಡುಕಿ ಬರುವುದು ಜ್ಞಾನಸ್ನಾನದ ಪುಸ್ತಕದ ಒಂದು ಸಾಲಿಗಾಗಿ. ಆ ಸಾಲೆಂದರೆ ಬಹು ಚಿಕ್ಕದು: ದಿನ, ಮಗುವಿನ ಹೆಸರು, ತಂದೆಯ ಹೆಸರು, ತವರಿನ ಕುಲನಾಮದೊಡನೆ ತಾಯಿಯ ಹೆಸರು, ಸಾಕ್ಷಿಗಳು. ಎಷ್ಟೋ ಕಡೆ ಲ್ಯಾಟಿನ್ ಭಾಷೆಯಲ್ಲಿ ಬರೆದಿರುವುದರಿಂದ ಮನೆಯಲ್ಲಿ ಜೇಮ್ಸ್ ಎನಿಸಿಕೊಂಡವನು ಪುಸ್ತಕದಲ್ಲಿ ಯಾಕೋಬುಸ್ ಆಗಿರುವನು. ನಮ್ಮ ಪುರೋಹಿತರು ಪುಟ್ಟಣ್ಣನನ್ನು ಸಂಕಲ್ಪದಲ್ಲಿ ಶರ್ಮನನ್ನಾಗಿ ಮಾಡುವುದನ್ನು ಕಂಡವರಿಗೆ ಇದೇನೂ ಹೊಸದಲ್ಲ. ತಾಯಿಯ ತವರನ್ನು ಬರೆಯುವ ಪದ್ಧತಿಯನ್ನಂತೂ ನಾನು ಬಹುವಾಗಿ ಮೆಚ್ಚುತ್ತೇನೆ; ನಮ್ಮ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಕೊಂಬೆಗಳನ್ನು ಬರೆಯುವವರು ಅಪರೂಪ.

1922ನೆಯ ಇಸವಿ ಜೂನ್ 30ರಂದು, ಅಂತರ್ಯುದ್ಧದ ಕಾಲದಲ್ಲಿ, ಡಬ್ಲಿನ್ ನಗರದ ಸರ್ಕಾರಿ ದಾಖಲೆಗಳ ಭಂಡಾರವು ಸುಟ್ಟುಹೋಯಿತು. ಹಿಂದೆ ರಾಜಮಾನ್ಯವಾಗಿದ್ದ ಆಂಗ್ಲಿಕನ್ ಸಭೆಯ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿ ಬೂದಿಯಾದುವು. ಸರ್ಕಾರವು ಲಕ್ಷ್ಯವಿಡದೆ ಬಿಟ್ಟಿದ್ದ ಕೆಥೋಲಿಕರ ಪುಸ್ತಕಗಳು ಊರೂರ ಪಾದ್ರಿಗಳ ಬಳಿಯೇ ಇದ್ದು ಉಳಿದುವು. 2015ರಲ್ಲಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯವು ಅವುಗಳ ಛಾಯಾಪ್ರತಿಗಳನ್ನು ಲೋಕಕ್ಕೆಲ್ಲ ಉಚಿತವಾಗಿ ತೆರೆದಿಟ್ಟಿತು.

ಇಂಥದನ್ನು ಕಾಣಲು ಅಷ್ಟು ದೂರ ಹೋಗಬೇಕಾದುದಿಲ್ಲ. ಕೆಸರೆಯಿಂದ ಅರ್ಧ ಗಂಟೆಯಲ್ಲಿ ಮುಟ್ಟಬಹುದಾದ ಶ್ರೀರಂಗಪಟ್ಟಣಕ್ಕೆ 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಯಾಳುಗಳನ್ನಾಗಿ ಘಟ್ಟ ಹತ್ತಿಸಿ ತರಿಸಿದನು. ಅವರ ಸಂಖ್ಯೆಯ ವಿಷಯದಲ್ಲಿ ಚರಿತ್ರಕಾರರಿಗೆ ಏಕಮತವಿಲ್ಲ. ಅವರ ಇಗರ್ಜಿಗಳು ಬಹುಪಾಲು ನೆಲಸಮವಾದುವು. 1799ರಲ್ಲಿ ಪಟ್ಟಣವು ಬಿದ್ದ ಮೇಲೆ ಬದುಕಿ ಉಳಿದವರಲ್ಲಿ ಅನೇಕರು ಊರಿಗೆ ಮರಳಿದರು. ಆದಕಾರಣ ಮಂಗಳೂರಿನ ಕ್ರೈಸ್ತ ಮನೆತನದವರು ಇಗರ್ಜಿಯ ಪುಸ್ತಕಗಳ ಜಾಡು ಹಿಡಿದು ಹಿಂದೆ ಹಿಂದೆ ಹೋದರೆ ಸಾಮಾನ್ಯವಾಗಿ ಆ ಸೆರೆಯ ಗೋಡೆಗೆ ಬಂದು ನಿಲ್ಲುವರು. ಅದರಾಚೆಗೆ ಇರುವುದು ಮನೆಮಾತು: ಡಿಸೋಜ, ಪಿಂಟೊ ಎಂಬ ಪೋರ್ಚುಗೀಸ್ ಹೆಸರುಗಳ ಹಿಂದೆ ಪ್ರಭು, ಕಾಮತ್, ಶೆಣೈ ಎಂಬ ಹೆಸರುಗಳಿದ್ದುವೆಂದು ಅಜ್ಜಿಯರು ಹೇಳಿಕೊಂಡು ಬಂದ ಮಾತು.

ಸುಟ್ಟುಹೋದ ಪುಸ್ತಕವು ತಾನು ಸುಟ್ಟುಹೋದೆನೆಂಬುದನ್ನಾದರೂ ಹೇಳುತ್ತದೆ. ಪುಸ್ತಕವಿದ್ದು, ಅಕ್ಷರವು ಸ್ಫುಟವಾಗಿದ್ದು, ಬರೆದುದು ಸುಳ್ಳಾಗಿದ್ದರೆ ಏನು ಗತಿ? ಇದೇ ನನ್ನನ್ನು ಬಾಧಿಸುವ ಪ್ರಶ್ನೆ.

1986ನೆಯ ಇಸವಿ ಜೂನ್ ತಿಂಗಳು. ಕೆಸರೆಯು ಹಳ್ಳಿಯ ಚಹರೆಯನ್ನು ಇನ್ನೂ ಪೂರ್ತಿಯಾಗಿ ಬಿಟ್ಟಿರಲಿಲ್ಲ. ಊದುಬತ್ತಿ ಹೊಸೆದು ಜೀವಿಸುತ್ತಿದ್ದ ಹೆಂಗಸೊಬ್ಬಳು ಆರು ವರ್ಷದ ಹುಡುಗನನ್ನು ನಾನಿದ್ದ ಶಾಲೆಗೆ ಸೇರಿಸಲು ಬಂದಳು. ಹುಟ್ಟಿದ ದಿನ ತಿಳಿಯದು. ಅಂಥ ಮಕ್ಕಳಿಗೆಲ್ಲ ಜೂನ್ ಒಂದನೆಯ ತಾರೀಖನ್ನು ಹಾಕುವುದು ಉಪಾಧ್ಯಾಯರ ವಾಡಿಕೆ. ಈ ನಾಡಿನಲ್ಲಿ ಇಷ್ಟೊಂದು ಜನ ಒಂದೇ ದಿನ ಹುಟ್ಟಿದುದು ಹೇಗೆಂದು ಮುಂದಿನ ಚರಿತ್ರಕಾರರು ಬೆರಗಾಗುವರೋ ಏನೋ! ತಂದೆಯ ಹೆಸರನ್ನು ಕೇಳಿದೆ. "ಅಪ್ಪನ ಹೆಸರು ಬ್ಯಾಡಿ ಸ್ವಾಮಿ, ನನ್ನ ಹೆಸರೇ ಬರ್ಕೊಳ್ಳಿ" ಎಂದಳು. ಹುಡುಗರು ಹಾಸ್ಯಮಾಡಿಯಾರೆಂಬ ಮರುಕ ಒಂದು ಪಾಲು, ಅಂಕಣವು ಬರಿದಾಗಿದ್ದರೆ ಮೇಲಿನವರು ಆಕ್ಷೇಪಿಸಿಯಾರೆಂಬ ಅಂಜಿಕೆ ಎರಡು ಪಾಲು. ತೀರಿಹೋದ ಆಕೆಯ ಅಣ್ಣನ ಹೆಸರನ್ನು ಕೇಳಿ ತಿಳಿದು, ಅದನ್ನೇ ತಂದೆಯ ಅಂಕಣದಲ್ಲಿ ಬರೆದೆನು. ಆಕೆ ಮಾತಾಡದೆ ಹೆಬ್ಬೆಟ್ಟು ಒತ್ತಿದಳು. ಪರೋಪಕಾರ ಮಾಡಿದೆನೆಂದೇ ಆಗ ತಿಳಿದಿದ್ದೆ.

ನಾನು ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಛಾಂದೋಗ್ಯವನ್ನು ಓದಿದವನು. ಗೋತ್ರವನ್ನರಿಯದ ಸತ್ಯಕಾಮನ ಕಥೆಯನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದವನು. ಗುರುವಾದ ಹಾರಿದ್ರುಮತ ಗೌತಮನ ಹಿರಿಮೆಯು ಹುಡುಗನನ್ನು ಸೇರಿಸಿಕೊಂಡುದರಲ್ಲಿದೆ ಎಂದೇ ನಾನು ಭಾವಿಸಿದ್ದೆ. ತಾಯಿಯ ಮಾತನ್ನು ತಿದ್ದದೆ ಸೇರಿಸಿಕೊಂಡನೆಂಬುದು ನನಗೆ ಹೊಳೆದಿರಲಿಲ್ಲ. ಜಬಾಲೆಯು ನನ್ನ ಮೇಜಿನ ಮುಂದೆ ನಿಂತು ನಿಜವನ್ನು ನುಡಿದಳು. ಗುರುವಿನ ಪೀಠದಲ್ಲಿದ್ದವನು ಸುಳ್ಳು ಬರೆದನು.

ಐರ್ಲೆಂಡಿನ ಕೆಲವು ಪಾದ್ರಿಗಳು ವಿವಾಹವಿಲ್ಲದೆ ಹುಟ್ಟಿದ ಶಿಶುವಿನ ಸಾಲಿನಲ್ಲಿ 'ಇಲ್ಲೆಜಿಟಿಮುಸ್', ಎಂದರೆ ಧರ್ಮಸಮ್ಮತವಲ್ಲದ ಜನನ, ಎಂದು ಬರೆಯುತ್ತಿದ್ದರಂತೆ. ಇದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂತು. ಹಸುಗೂಸಿನ ತಲೆಯ ಮೇಲೆ ನೀರನ್ನೂ ನಿಂದೆಯನ್ನೂ ಒಟ್ಟಿಗೆ ಸುರಿಯುವುದೆ? ಈಗಲೂ ಆ ಪದವನ್ನು ನಾನು ಒಪ್ಪುವುದಿಲ್ಲ. ಆದರೆ ಅದರ ಪಕ್ಕದಲ್ಲಿ ತಾಯಿಯ ಹೆಸರಿದ್ದರೆ, ನೂರೈವತ್ತು ವರ್ಷಗಳ ಮೇಲೆ ಹುಡುಕಿಕೊಂಡು ಬಂದವರಿಗೆ ಆಕೆ ಸಿಕ್ಕುವಳು. ಆ ಪಾದ್ರಿಯ ಕಾಠಿಣ್ಯವು ದಾರಿಯನ್ನು ಉಳಿಸಿತು; ನನ್ನ ಮೃದುತ್ವವು ಅದನ್ನು ಮುಚ್ಚಿತು.

ಮುಚ್ಚಿತೆಂಬುದು ತಿಳಿದುದು ಕಳೆದ ವರ್ಷ. ಆ ಹುಡುಗನು ಬೆಳೆದು, ಸಂಸಾರಿಯಾಗಿ, ಅಕಾಲದಲ್ಲಿ ತೀರಿಕೊಂಡನು. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವಾಗ ಪುರೋಹಿತರು ಮೂರು ತಲೆಯ ಹೆಸರನ್ನು ಕೇಳಿದರು. ಮಕ್ಕಳು ಶಾಲೆಯ ಪತ್ರದಲ್ಲಿದ್ದ ಹೆಸರನ್ನು ಹೇಳಿದರೆ, ಮುದುಕನೊಬ್ಬನು, "ಅವನು ನಿಮ್ಮಜ್ಜಿಯ ಅಣ್ಣನಲ್ಲವೇ?" ಎಂದುಬಿಟ್ಟನು. ಅಜ್ಜಿ ಆ ವೇಳೆಗೆ ಇರಲಿಲ್ಲ. ಪಿತೃಗಳ ಹೆಸರು ತಿಳಿಯದಿದ್ದರೆ ಭೂಮಿಯಲ್ಲಿರುವವರೆ, ಅಂತರಿಕ್ಷದಲ್ಲಿರುವವರೆ, ದ್ಯುಲೋಕದಲ್ಲಿರುವವರೆ ಎಂದು ಕರೆದು ಪಿಂಡವಿಡಬಹುದೆಂದು ಗೃಹ್ಯಸೂತ್ರದಲ್ಲಿಯೇ ವಿಧಿಯಿದೆ. ಹೆಸರಿಲ್ಲದವರಿಗೆ ಶಾಸ್ತ್ರವು ಎಡೆಯಿಟ್ಟಿತ್ತು, ಇಡದವನು ನಾನು.

ಪದವಿ ತರಗತಿಯಲ್ಲಿ ಓದುವ ಮಗಳು ಆ ಪತ್ರವನ್ನು ಹಿಡಿದು ನಮ್ಮ ಮನೆಗೆ ಬಂದಳು. "ತಾತಾ, ಇದು ನಿಮ್ಮ ಅಕ್ಷರವಲ್ಲವೇ?" ಎಂದಳು. ನಾಳೆ ಬಾರೆಂದು ಕಳುಹಿಸಿ, ರಾತ್ರಿಯೆಲ್ಲ ಯೋಚಿಸಿದೆನು. ಸತ್ತವಳ ಗುಟ್ಟನ್ನು ಒಡೆಯಲು ನನಗೇನಧಿಕಾರ? ಅಪ್ರಿಯವಾದ ಸತ್ಯವನ್ನು ಆಡಬೇಡವೆಂದು ಮನುವೇ ಹೇಳಿರುವನು. ಆದರೆ ಅದೇ ಶ್ಲೋಕದ ಮುಂದಿನ ಪಾದವು ಪ್ರಿಯವಾದ ಸುಳ್ಳನ್ನೂ ನಿಷೇಧಿಸುತ್ತದೆ. ನಾನು ಇಷ್ಟು ವರ್ಷವೂ ಹಿಂದಿನ ಪಾದದಲ್ಲಿಯೇ ನಿಂತಿದ್ದೆ. ಮೇಲಾಗಿ ಆಕೆ ಅದನ್ನು ಗುಟ್ಟೆಂದು ಎಣಿಸಿರಲಿಲ್ಲ. ಗುಟ್ಟು ಮಾಡಿದವನು ನಾನು.

ಮರುದಿನ ನಡೆದುದನ್ನೆಲ್ಲ ಹೇಳಿದೆ. ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದು ಹಾಳೆಯನ್ನು ಮುಂದಿಟ್ಟು, "ಅಜ್ಜಿ ಅವತ್ತು ಹೇಳಿದ್ದನ್ನು ಹಾಗೆಯೇ ಬರೆದುಕೊಡಿ ತಾತಾ" ಎಂದಳು. ಬರೆದು ರುಜು ಹಾಕಿದೆ. "ಯಾವ ದಿನ ಅದು?" ಎಂದು ಕೇಳಿದಳು. ಜೂನ್ ತಿಂಗಳು, 1986; ದಿನ ನೆನಪಿಲ್ಲವೆಂದೆ.

"ಹಾಗಾದರೆ ದಿನ ಬರೆಯಬೇಡಿ" ಎಂದಳು.