ಭಂಡಾರಿಯ ಲೆಕ್ಕ

ಕಾಯಕದಿಂದ ಬಂದುದನ್ನು ಸಮಾಜಕ್ಕೆ ಸಲ್ಲಿಸಿದರೆ ಅದು ದಾಸೋಹ. ಅನ್ಯರ ಬಾಳು ಕೆಟ್ಟುದಕ್ಕಾಗಿ ತೆತ್ತ ಹಣವನ್ನು ಹಂಚುವುದು ಏನು? ದಾನವೆನ್ನಲಾಗದು, ಹಂಚುವವನ ಬೆವರು ಅದರಲ್ಲಿಲ್ಲ. ಅದು ಸಾಲದ ತೀರುವಳಿ.

ಅಮೆರಿಕದಲ್ಲಿ ಇದೀಗ ಊರೂರಿನ ಪ್ರಶ್ನೆಯಾಗಿದೆ. ಅಫೀಮಿನ ಗುಣವುಳ್ಳ ನೋವಿನ ಮಾತ್ರೆಗಳನ್ನು ಮಿತಿಮೀರಿ ಹರಡಿದ ಆರೋಪ ಹೊತ್ತ ಮೂರು ವಿತರಣಾ ಸಂಸ್ಥೆಗಳೂ ಒಂದು ಔಷಧ ಕಂಪನಿಯೂ ಸುಮಾರು 2,600 ಕೋಟಿ ಡಾಲರ್ ಕೊಡುವ ಒಪ್ಪಂದ 2022ರಲ್ಲಿ ಸ್ಥಿರವಾಯಿತು. ಅದರಲ್ಲಿ ಕನಿಷ್ಠ ಶೇ. 85 ಭಾಗ ವ್ಯಸನದ ಹಾನಿಯನ್ನು ತಗ್ಗಿಸಲಿಕ್ಕೇ ಸಲ್ಲಬೇಕೆಂದು ಕರಾರಿದೆ. 1998ರ ಕಹಿ ಅನುಭವ ಅವರಿಗೆ ಮರೆತಿರಲಿಲ್ಲ. ಅಂದು ತಂಬಾಕು ಕಂಪನಿಗಳು 46 ರಾಜ್ಯಗಳಿಗೆ 25 ವರ್ಷಗಳಲ್ಲಿ 20,600 ಕೋಟಿ ಡಾಲರ್ ಕೊಡಲೊಪ್ಪಿದ್ದವು. ಬಹುಪಾಲು ಬೊಕ್ಕಸದ ಕೊರತೆಗೂ ಇತರ ಕೆಲಸಗಳಿಗೂ ಹರಿದುಹೋಯಿತು.

ನಮಗೇನು ಸಂಬಂಧವೆನ್ನುವಂತಿಲ್ಲ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತಾದರೂ, ಇತರ ಮದ್ಯದಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮಿಕ್ಕಿ ಅಬಕಾರಿ ಆದಾಯ ಬರುತ್ತಿದೆ. ಹುಮನಾಬಾದ ತಾಲೂಕಿನ ಹುಡಗಿಯ ಕೂಲಿಕಾರನ ದಿನಗೂಲಿಯೂ ಅದರಲ್ಲಿ ಸೇರಿರುತ್ತದೆ. ಆ ಹಣ ಸೇತುವೆಯಾಗುತ್ತದೆ, ಸಂಬಳವಾಗುತ್ತದೆ. ಅವನ ಹೆಂಡತಿ ಮಕ್ಕಳಿಗೆಂದು ಬೇರೆ ಕಟ್ಟಿಟ್ಟ ಗಂಟು ಅಲ್ಲಿಲ್ಲ.

ನಾಳೆ ಅಂಥದೊಂದು ಗಂಟು ಹುಡಗಿಯ ಪಂಚಾಯತಿಗೆ ಬಂದಿತೆನ್ನಿ. ಮೊದಲು ಏಳುವ ಮಾತು ಸಮುದಾಯ ಭವನದ್ದು. ಅನಂತರ ಊರಬಾಗಿಲ ಕಮಾನು, ಅದರ ಮೇಲೊಂದು ಹೆಸರು. (ಮಠಕ್ಕೂ ಸ್ವಲ್ಪವಿರಲೆಂದು ನಾವೂ ಕೇಳದೆ ಇರಲಾರೆವು.) ಇವೆಲ್ಲ ಒಳ್ಳೆಯ ಕೆಲಸಗಳೇ; ಮೋಸ ಅಡಗಿರುವುದೂ ಅಲ್ಲಿಯೇ. ಕುಡಿತ ಬಿಡಿಸುವ ಚಿಕಿತ್ಸೆಗೆ ಬೀದರಿಗೆ ಹೋಗಿಬರುವ ಬಸ್ಸಿನ ಖರ್ಚು, ಆ ದಿನಗಳಲ್ಲಿ ಮನೆಗೆ ಜೋಳ, ಶಾಲೆ ಬಿಟ್ಟ ಹುಡುಗನಿಗೆ ಪುಸ್ತಕ, ಇವಕ್ಕೆ ಉದ್ಘಾಟನೆಯಿಲ್ಲ. ಹಣ ಮಾತ್ರ ಇವುಗಳದ್ದೇ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು, ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಹೊಸ್ತಿಲವರೆಗೆ ಹೋದವರಿಗೆ ನೊಂದ ಮನೆ ಯಾವುದೆಂದು ತಿಳಿದಿರುತ್ತದೆ. ಹಂಚುವ ಸಮಿತಿಯಲ್ಲಿ ಆ ಮನೆಯ ಹೆಣ್ಣುಮಗಳೊಬ್ಬಳಿಲ್ಲದಿದ್ದರೆ, ಎಷ್ಟೇ ಪ್ರಾಮಾಣಿಕರು ಕೂತರೂ ಹಣ ದಾರಿ ತಪ್ಪುವುದೆಂದೇ ನನ್ನ ಅಳುಕು.

ನೆರೆಯ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ, ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಾರೆಂದು ದೂರು ಹೋಯಿತು. ಎಣಿಸಿ ನೋಡಿದರೆ ಏನೂ ಕುಂದಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ನಾವು ಪವಾಡಕ್ಕೆ ಕೈಮುಗಿದು ಸುಮ್ಮನಾಗುತ್ತೇವೆ. ಅವರು ಭಂಡಾರವನ್ನು ತೆರೆದು ಎಣಿಸಗೊಟ್ಟುದೇ ನನಗೆ ಹೆಚ್ಚಿನದಾಗಿ ತೋರುತ್ತದೆ. ಹುಡಗಿಯ ಗಂಟಿನ ಲೆಕ್ಕವನ್ನೂ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಕುಡುಕನ ಹೆಂಡತಿ ಎದ್ದು ಕೇಳಿದರೆ ಅಧ್ಯಕ್ಷರು ನಿಂತು ಉತ್ತರ ಕೊಡಬೇಕು.