ಸ್ತ್ರೀಯ ಆತ್ಮರಕ್ಷಣೆ: ಹಕ್ಕೋ ಹೊಣೆಯೋ?

ತನ್ನ ಪ್ರಾಣಕ್ಕೂ ಮಾನಕ್ಕೂ ಆಪತ್ತು ಒದಗಿದಾಗ ಅದನ್ನು ತಡೆಯಲು ಯತ್ನಿಸುವುದು ಜೀವಮಾತ್ರದ ಸಹಜಧರ್ಮ. ಗೂಡಿಗೆ ಕೈಯಿಕ್ಕಿದವನನ್ನು ಸಣ್ಣ ಹಕ್ಕಿಯೂ ಕುಕ್ಕುತ್ತದೆ. ಕರುವಿನ ಮೇಲೆ ಬಿದ್ದ ತೋಳವನ್ನು ಸಾಧುವಾದ ಹಸುವೂ ಕೊಂಬಿನಿಂದ ಇರಿಯುತ್ತದೆ. ಪುರುಷನು ಹೀಗೆ ತನ್ನನ್ನು ಕಾಪಾಡಿಕೊಂಡರೆ ಲೋಕವು ಅದನ್ನು ಶೌರ್ಯವೆಂದು ಕೊಂಡಾಡುತ್ತದೆ. ಸ್ತ್ರೀಯ ವಿಷಯಕ್ಕೆ ಬಂದಾಗ ಮಾತ್ರ ಈ ಸರಳವಾದ ಮಾತು ಜಟಿಲವಾಗುತ್ತದೆ. ಅವಳು ಕೈಯೆತ್ತಿದರೆ, ಹೆಣ್ಣಿಗೆ ಇದು ತಕ್ಕುದೆ ಎಂದು ಕೇಳುವವರುಂಟು. ಕೈಯೆತ್ತದಿದ್ದರೆ, ಏಕೆ ಎತ್ತಲಿಲ್ಲ ಎಂದು ಕೇಳುವವರೂ ಅವರೇ. ಈ ಎರಡು ಪ್ರಶ್ನೆಗಳ ನಡುವೆ ಸಿಲುಕಿದವಳಿಗೆ ನ್ಯಾಯ ದೊರೆಯುವುದೆಂತು? ಆತ್ಮರಕ್ಷಣೆಯು ಸ್ತ್ರೀಯ ಹಕ್ಕೋ, ಅಥವಾ ಅವಳ ತಲೆಯ ಮೇಲೆ ಹೊರಿಸಿದ ಹೊಣೆಯೋ ಎಂಬುದನ್ನು ನಿರ್ಣಯಿಸದೆ ಈ ಗೊಂದಲವು ಹರಿಯುವಂತಿಲ್ಲ. ಅದಕ್ಕೆ ಮೊದಲು, ಈ ವಿಷಯದಲ್ಲಿ ಜನರ ಮನಸ್ಸಿನಲ್ಲಿ ಬೇರೂರಿರುವ ಕೆಲವು ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ವಿಚಾರಿಸುವುದು ಯುಕ್ತ.

ಮೊದಲನೆಯದು, ಎದುರಿಸಿ ಹೊಡೆಯುವುದು ದಯೆಗೆ ವಿರುದ್ಧ, ಅದರಲ್ಲಿಯೂ ಸ್ತ್ರೀಸ್ವಭಾವಕ್ಕೆ ವಿರುದ್ಧ ಎಂಬ ಭಾವನೆ. ಶರಣರು ದಯೆಗೆ ಧರ್ಮದಲ್ಲಿ ಅಗ್ರಸ್ಥಾನವನ್ನು ಕೊಟ್ಟರೆಂಬುದು ನಿಜ. ಆದರೆ ಆ ದಯೆಯು ಸಕಲ ಪ್ರಾಣಿಗಳಿಗೂ ಸಲ್ಲತಕ್ಕದ್ದಾದರೆ, ತನ್ನ ಪ್ರಾಣವೂ ಆ ಪ್ರಾಣಿಗಳಲ್ಲಿ ಒಂದಲ್ಲವೆ? ದೇಹವನ್ನು ದೇಗುಲವೆಂದು ತಿಳಿದವರು ಆ ದೇಗುಲಕ್ಕೆ ನುಗ್ಗುವವನಿಗೆ ಬಾಗಿಲು ತೆರೆದಿಡಬೇಕೆಂದು ಹೇಳಲಾರರು. ಹರಿಹರ ಕವಿಯ ರಗಳೆಯಲ್ಲಿ ಬರುವ ಮಹಾದೇವಿಯಕ್ಕನ ವೃತ್ತಾಂತವು ಇಲ್ಲಿ ಸ್ಮರಣೀಯವಾದುದು. ಅರಸನಾದ ಕೌಶಿಕನಿಗೆ ಅಕ್ಕನು ಕರಾರುಗಳನ್ನು ವಿಧಿಸಿದಳು. ಅವನು ಅವನ್ನು ಮೀರಿದಾಗ ಅರಮನೆಯನ್ನೂ ಅದರ ಸಿರಿಯನ್ನೂ ತೊರೆದು ಹೊರನಡೆದಳು. ಅವಳ ಕೈಯಲ್ಲಿ ಆಯುಧವಿರಲಿಲ್ಲ. ‘ಒಲ್ಲೆ’ ಎಂಬ ನುಡಿ, ಆ ನುಡಿಗೆ ತಕ್ಕ ನಡೆ, ಇವೆರಡೇ ಅವಳ ಆತ್ಮರಕ್ಷಣೆಯಾದುವು. ಅದನ್ನು ಯಾರೂ ನಿರ್ದಯೆ ಎನ್ನಲಿಲ್ಲ.

ಅಹಿಂಸೆಯನ್ನೇ ಬಾಳಿನ ವ್ರತವಾಗಿಸಿಕೊಂಡ ಗಾಂಧೀಜಿಯವರು 1942ರಲ್ಲಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು. ಆಕ್ರಮಣಕ್ಕೆ ಗುರಿಯಾದ ಸ್ತ್ರೀಯು ಆ ಗಳಿಗೆಯಲ್ಲಿ ಹಿಂಸೆ ಅಹಿಂಸೆಗಳ ಚರ್ಚೆಗೆ ತೊಡಗಬೇಕಾಗಿಲ್ಲ, ತನಗೆ ತೋಚಿದ ಯಾವ ಉಪಾಯದಿಂದಾದರೂ ತನ್ನನ್ನು ರಕ್ಷಿಸಿಕೊಳ್ಳಬಹುದು ಎಂಬುದು ಅವರ ಅಭಿಪ್ರಾಯವಾಗಿತ್ತು. ಅಹಿಂಸೆಯ ಆಚಾರ್ಯರಿಗೇ ಇಲ್ಲದ ಸಂಕೋಚವು ಉಳಿದವರಿಗೆ ಏತಕ್ಕೆ?

ಎರಡನೆಯ ತಪ್ಪು ತಿಳಿವಳಿಕೆಯು ಮೇಲ್ನೋಟಕ್ಕೆ ಬಹಳ ಉದಾತ್ತವಾಗಿ ಕಾಣುವುದರಿಂದ ಹೆಚ್ಚು ಅಪಾಯಕಾರಿಯಾದುದು. ಶೀಲವೇ ಸ್ತ್ರೀಗೆ ಕವಚ, ಶುದ್ಧಳಾದವಳನ್ನು ಯಾರೂ ಕೆಡಿಸಲಾರರು ಎಂಬುದೇ ಅದು. ಗಾಂಧೀಜಿಯವರೂ ಈ ನಂಬಿಕೆಗೆ ಹೊರತಾಗಿರಲಿಲ್ಲ. ಅವರ ಆಶಯವು ಸ್ತ್ರೀಯರಲ್ಲಿ ಧೈರ್ಯ ತುಂಬುವುದಾಗಿತ್ತು, ಸಂದೇಹವಿಲ್ಲ. ಆದರೆ ಈ ಮಾತನ್ನು ತರ್ಕದ ಕೊನೆಯವರೆಗೂ ಕೊಂಡೊಯ್ದು ನೋಡಬೇಕು. ಶೀಲವೇ ಕವಚವಾದರೆ, ಪೆಟ್ಟು ಬಿದ್ದವಳ ಕವಚದಲ್ಲಿಯೇ ದೋಷವಿದ್ದಿತೆಂದು ಅರ್ಥವಾಗುತ್ತದೆ. ದುಷ್ಟನ ಅಪರಾಧಕ್ಕೆ ನೊಂದವಳ ಶೀಲವೇ ಪರೀಕ್ಷೆಗೆ ಒಳಗಾಗುತ್ತದೆ. ಕಳ್ಳನು ಮನೆಗೆ ಕನ್ನವಿಟ್ಟರೆ ಮನೆಯೊಡೆಯನ ಪ್ರಾಮಾಣಿಕತೆ ಕುಂದುವುದಿಲ್ಲ. ಅಂತೆಯೇ ಬಲಾತ್ಕಾರಕ್ಕೆ ಒಳಗಾದವಳ ಶೀಲಕ್ಕೆ ಕುಂದಿಲ್ಲ; ಕುಂದು ಬರುವುದು ಬಲಾತ್ಕಾರ ಮಾಡಿದವನ ಶೀಲಕ್ಕೆ. ಕಾಯಕ್ಕೆ ಒದಗಿದ ಹಿಂಸೆಯು ಅಂತರಂಗದ ಶುದ್ಧಿಯನ್ನು ಮುಟ್ಟಲಾರದು ಎಂಬುದೇ ಇದರಲ್ಲಿ ನಿಜವಾಗಿ ಹೇಳತಕ್ಕ ಮಾತು.

ಮೂರನೆಯದಾಗಿ, ಹೆಣ್ಣಿನ ದೇಹ ದುರ್ಬಲವಾದುದು, ಎದುರಿಸಿದರೆ ಹೆಚ್ಚಿನ ಪೆಟ್ಟು ತಿನ್ನುವಳೇ ಹೊರತು ಫಲವಿಲ್ಲ ಎನ್ನುವವರುಂಟು. ಇವರು ಆತ್ಮರಕ್ಷಣೆಯನ್ನು ಮಲ್ಲಯುದ್ಧವೆಂದು ತಿಳಿದಿದ್ದಾರೆ. ಮಲ್ಲಯುದ್ಧದಲ್ಲಿ ಗೆಲುವು ಗುರಿ. ಆತ್ಮರಕ್ಷಣೆಯಲ್ಲಿ ಪಾರಾಗುವುದು ಗುರಿ. ಗಟ್ಟಿಯಾಗಿ ಕೂಗುವುದು, ಹಿಡಿತ ಬಿಡಿಸಿಕೊಳ್ಳುವುದು, ಕಣ್ಣು, ಮೂಗು, ಗಂಟಲು, ತೊಡೆಸಂದು, ಮೊಣಕಾಲು ಮುಂತಾದ ಸುಕುಮಾರ ಸ್ಥಾನಗಳಿಗೆ ಅಂಗೈಯಿಂದಲೋ ಮೊಣಕೈಯಿಂದಲೋ ಕಾಲಿನಿಂದಲೋ ಪೆಟ್ಟು ಕೊಟ್ಟು ಓಡಿಹೋಗುವುದು, ಇವಕ್ಕೆ ಗರಡಿಯ ಮೈಕಟ್ಟು ಬೇಕಾಗಿಲ್ಲ. 1882ರಲ್ಲಿ ಜಪಾನಿನಲ್ಲಿ ಜೂಡೋ ವಿದ್ಯೆಯನ್ನು ರೂಪಿಸಿದ ಜಿಗೊರೊ ಕಾನೊ ಅವರು, ಎದುರಾಳಿಯ ಬಲವನ್ನೇ ಬಳಸಿಕೊಂಡು ಅವನನ್ನು ಕೆಡಹುವ ಉಪಾಯವನ್ನು ಆ ವಿದ್ಯೆಯ ಜೀವಾಳವಾಗಿಸಿದರು. ಕೇರಳದ ವಡಗರದ ಮೀನಾಕ್ಷಿ ಅಮ್ಮನವರು ಎಪ್ಪತ್ತು ವರ್ಷ ದಾಟಿದ ಮೇಲೂ ಕತ್ತಿ ಗುರಾಣಿ ಹಿಡಿದು ಶಿಷ್ಯರಿಗೆ ಕಳರಿಪಯಟ್ಟು ಕಲಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಚಿತ್ರದುರ್ಗದ ಕೋಟೆಯ ಕಿಂಡಿಯ ಬಳಿ ಹೈದರಾಲಿಯ ಸೈನಿಕರನ್ನು ಎದುರಿಸಿದಳೆಂದು ನಾಡು ನೆನೆಯುವ ಓಬವ್ವನ ಕೈಯಲ್ಲಿದ್ದುದು ಭತ್ತ ಕುಟ್ಟುವ ಒನಕೆ. ಕೈಗೆ ಸಿಕ್ಕ ವಸ್ತು, ಸಮಯದ ಅರಿವು, ಮನಸ್ಸಿನ ಸ್ಥೈರ್ಯ ಇವು ಬಾಹುಬಲದ ಕೊರತೆಯನ್ನು ತುಂಬಬಲ್ಲುವು. ಆದರೆ ಕೈಚೀಲದಲ್ಲಿ ಮೆಣಸಿನ ಪುಡಿಯ ಡಬ್ಬಿಯೊಂದನ್ನು ಇಟ್ಟುಕೊಂಡ ಮಾತ್ರಕ್ಕೆ ರಕ್ಷಣೆ ದೊರೆಯಿತೆಂದು ತಿಳಿಯುವುದೂ ಭ್ರಮೆಯೇ. ಅಭ್ಯಾಸವಿಲ್ಲದ ಕೈಯಲ್ಲಿ ಆಯುಧವು ಸಮಯಕ್ಕೆ ಒದಗುವುದಿಲ್ಲ.

ಎದುರಿಸಿದರೆ ಫಲವಿಲ್ಲವೆಂಬ ಮಾತನ್ನು ಪ್ರತ್ಯಕ್ಷ ಪರೀಕ್ಷೆಯೂ ಅಲ್ಲಗಳೆದಿದೆ. ಕೆನಡಾ ದೇಶದ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದು ಪಂಗಡಕ್ಕೆ ಹನ್ನೆರಡು ಗಂಟೆಗಳ ಶಿಕ್ಷಣವನ್ನೂ ಇನ್ನೊಂದಕ್ಕೆ ಕೇವಲ ತಿಳಿವಳಿಕೆಯ ಪತ್ರಗಳನ್ನೂ ಕೊಡಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದೊಳಗೆ ಬಲಾತ್ಕಾರಕ್ಕೆ ಒಳಗಾದವರ ಪ್ರಮಾಣವು ಪತ್ರಗಳನ್ನು ಮಾತ್ರ ಪಡೆದವರಲ್ಲಿ ನೂರಕ್ಕೆ 9.8, ಶಿಕ್ಷಣ ಪಡೆದವರಲ್ಲಿ ನೂರಕ್ಕೆ 5.2. ಆ ಹನ್ನೆರಡು ಗಂಟೆಗಳಲ್ಲಿ ಅವರು ಹೊಡೆತಗಳನ್ನಷ್ಟೇ ಕಲಿಯಲಿಲ್ಲ. ಪರಿಚಿತನ ನಡೆಯಲ್ಲಿ ಅಪಾಯದ ಸುಳಿವನ್ನು ಗುರುತಿಸುವುದನ್ನೂ, ದಾಕ್ಷಿಣ್ಯವನ್ನು ಮೀರಿ ‘ಬೇಡ’ ಎನ್ನುವುದನ್ನೂ ಕಲಿತರು.

ಇದರಿಂದ ನಾಲ್ಕನೆಯ ತಪ್ಪು ತಿಳಿವಳಿಕೆಯು ತಾನಾಗಿ ಮುಂದೆ ಬರುತ್ತದೆ. ಅಪಾಯವೆಂಬುದು ಕತ್ತಲೆಯ ಬೀದಿಯಲ್ಲಿ ಅಪರಿಚಿತನ ರೂಪದಲ್ಲಿ ಬರುತ್ತದೆ, ಆದುದರಿಂದ ಹೊತ್ತು ಮುಳುಗುವ ಮುನ್ನ ಮನೆ ಸೇರಿದರೆ ಭಯವಿಲ್ಲ ಎಂದು ತಾಯಂದಿರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ವರದಿಗಳು ಬೇರೆಯೇ ಸಂಗತಿಯನ್ನು ಹೇಳುತ್ತವೆ. ನಮ್ಮ ದೇಶದಲ್ಲಿ ದಾಖಲಾದ ಬಲಾತ್ಕಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ಆರೋಪಿಯು ನೊಂದವಳಿಗೆ ಪರಿಚಿತನೇ: ನೆರೆಯವನು, ಬಂಧು, ಸ್ನೇಹಿತ, ಕೆಲಸ ಕೊಟ್ಟವನು. ಇನ್ನು ಮನೆಯೊಳಗಿನ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ತಿಳಿಸಿದರು. ದೇಶದಾದ್ಯಂತ ಹಿಂಸೆಗೆ ಒಳಗಾದವರಲ್ಲಿ ನೆರವು ಕೇಳಿದವರು ನೂರಕ್ಕೆ 14 ಮಂದಿ ಮಾತ್ರ. ಶರಣರ ನಾಡೆಂದು ಹೆಮ್ಮೆಪಡುವವರು ಈ ಅಂಕಿಗಳ ಮುಂದೆ ತಲೆತಗ್ಗಿಸಬೇಕಾಗಿದೆ. ಅಪರಿಚಿತನನ್ನು ತಳ್ಳುವುದು ಸುಲಭ. ಚಿಕ್ಕಪ್ಪನೆಂದು ಕರೆದವನ ಕೈಯನ್ನು ತಳ್ಳುವುದು ಕಷ್ಟ. ಕಟ್ಟಿಕೊಂಡವನ ಎದುರು ನಿಲ್ಲುವುದು ಇನ್ನೂ ಕಷ್ಟ. ಹಿರಿಯರಿಗೆ ಎದುರಾಡಬಾರದು, ನಾಲ್ಕು ಜನರ ಮುಂದೆ ಮನೆಯ ಮಾನ ತೆಗೆಯಬಾರದು ಎಂದು ಹುಟ್ಟಿನಿಂದ ಕಲಿತ ವಿನಯವೇ ಆಗ ಅವಳ ಬಾಯನ್ನು ಕಟ್ಟುತ್ತದೆ. ಆದುದರಿಂದ ಅನುಚಿತವಾದುದಕ್ಕೆ ವಿನಯ ಸಲ್ಲದೆಂಬ ಪಾಠವು ಹೆಣ್ಣುಮಕ್ಕಳ ಆತ್ಮರಕ್ಷಣೆಯ ಮೊದಲ ಪಾಠವಾಗಬೇಕು. ಮನೆಯೊಳಗೆ ಹಿಂಸೆಯುಂಟಾದಾಗ ರಕ್ಷಣೆಯ ಆದೇಶವನ್ನೂ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯು ಸ್ತ್ರೀಗೆ ಕೊಟ್ಟಿದೆ. 181 ಮತ್ತು 112 ಎಂಬ ದೂರವಾಣಿ ಸಂಖ್ಯೆಗಳು ನೆರವಿಗಿವೆ. ಇವನ್ನು ತಿಳಿದಿರುವುದೂ ಆತ್ಮರಕ್ಷಣೆಯ ಒಂದು ಅಂಗವೇ.

ಐದನೆಯದು, ಎದುರಾಳಿಗೆ ಪೆಟ್ಟಾದರೆ ಕಾನೂನು ತನ್ನನ್ನೇ ಹಿಡಿಯುವುದೆಂಬ ಅಂಜಿಕೆ. 1860ರ ದಂಡಸಂಹಿತೆಯಲ್ಲಿಯೇ ಆತ್ಮರಕ್ಷಣೆಯ ಹಕ್ಕಿಗೆ ಮನ್ನಣೆಯಿದ್ದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಅದನ್ನು ಮುಂದುವರಿಸಿವೆ. ತನ್ನ ದೇಹವನ್ನಷ್ಟೇ ಅಲ್ಲದೆ ಇನ್ನೊಬ್ಬರ ದೇಹವನ್ನು ಕಾಪಾಡುವುದಕ್ಕೂ ಈ ಹಕ್ಕು ಸಲ್ಲುತ್ತದೆ. ಬಲಾತ್ಕಾರದ ಉದ್ದೇಶದಿಂದ ಮೇಲೆ ಬಿದ್ದವನನ್ನು, ಆಸಿಡ್ ಎರಚಲು ಬಂದವನನ್ನು ತಡೆಯುವಾಗ ಅವನ ಪ್ರಾಣವೇ ಹೋದರೂ, ಹಕ್ಕಿನ ಮಿತಿಯೊಳಗಿದ್ದರೆ ಅದು ಅಪರಾಧವಲ್ಲ. ಪೆಟ್ಟು ಬೀಳುವವರೆಗೂ ಕಾಯಬೇಕಾಗಿಲ್ಲ. ಅಪಾಯದ ಸಕಾರಣವಾದ ಭಯ ಹುಟ್ಟಿದೊಡನೆ ಹಕ್ಕು ಆರಂಭವಾಗುತ್ತದೆ, ಆ ಭಯವಿರುವವರೆಗೂ ನಿಲ್ಲುತ್ತದೆ. ಪ್ರಾಣಭಯದಲ್ಲಿರುವವರು ಕೊಟ್ಟ ಪೆಟ್ಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಲಾಗದೆಂಬುದನ್ನು ಸರ್ವೋಚ್ಚ ನ್ಯಾಯಾಲಯವೂ ಒಪ್ಪಿದೆ. ಮಿತಿಯು ಇಷ್ಟೇ: ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು, ಅಪಾಯ ಕಳೆದ ಮೇಲೆ ಬೆನ್ನಟ್ಟಿ ಹೊಡೆಯಕೂಡದು. ಅಲ್ಲಿಂದ ಮುಂದಿನದು ರಕ್ಷಣೆಯಲ್ಲ, ಸೇಡು. ದಯೆಯ ಮಾತು ನಿಜವಾಗಿ ಸಲ್ಲುವುದು ಈ ಗಡಿಯಲ್ಲಿ.

ಆರನೆಯದೂ ಅತ್ಯಂತ ಕ್ರೂರವಾದುದೂ ಆದ ತಪ್ಪು ತಿಳಿವಳಿಕೆಯೊಂದು ಉಳಿದಿದೆ. ಅವಳು ಎದುರಿಸಲಿಲ್ಲ, ಆದುದರಿಂದ ಅವಳಿಗೆ ಸಮ್ಮತಿಯಿದ್ದಿತು ಎಂಬುದೇ ಅದು. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಬುಡಕಟ್ಟಿನ ಬಾಲೆಯೊಬ್ಬಳು ತನ್ನ ಮೇಲೆ ಪೊಲೀಸರಿಂದ ಬಲಾತ್ಕಾರವಾಯಿತೆಂದು ದೂರಿದಳು. ಅವಳ ಮೈಮೇಲೆ ಗಾಯದ ಗುರುತಿಲ್ಲ, ಅವಳು ಪ್ರತಿಭಟಿಸಿದಂತೆ ತೋರುವುದಿಲ್ಲ ಎಂಬುದನ್ನು ಎತ್ತಿಹಿಡಿದು 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆರೋಪಿಗಳನ್ನು ಬಿಡುಗಡೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದು, ಶರಣಾಗತಿಯೂ ಸಮ್ಮತಿಯೂ ಒಂದೇ ಅಲ್ಲವೆಂಬುದನ್ನು ಮನಗಾಣಿಸಿದರು. ದೇಶದಲ್ಲಿ ಎದ್ದ ಚಳವಳಿಯ ಫಲವಾಗಿ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ದೈಹಿಕವಾಗಿ ಪ್ರತಿಭಟಿಸಲಿಲ್ಲವೆಂಬ ಒಂದೇ ಕಾರಣದಿಂದ ಸಮ್ಮತಿಯನ್ನು ಊಹಿಸತಕ್ಕದ್ದಲ್ಲ ಎಂಬ ಸ್ಪಷ್ಟೋಕ್ತಿಯು 2013ರ ತಿದ್ದುಪಡಿಯಲ್ಲಿ ಸೇರಿತು.

ವೈದ್ಯಶಾಸ್ತ್ರವೂ ಇದನ್ನು ಸಮರ್ಥಿಸುತ್ತದೆ. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದ ಚಿಕಿತ್ಸಾಲಯವೊಂದಕ್ಕೆ ಬಂದ, ಬಲಾತ್ಕಾರಕ್ಕೆ ಒಳಗಾಗಿದ್ದ 298 ಸ್ತ್ರೀಯರನ್ನು ವೈದ್ಯರು ವಿಚಾರಿಸಿದರು. ಅವರಲ್ಲಿ ನೂರಕ್ಕೆ 70 ಮಂದಿಯ ದೇಹವು ಆ ಗಳಿಗೆಯಲ್ಲಿ ಗಮನಾರ್ಹವಾಗಿ ಸ್ತಂಭಿಸಿತ್ತೆಂದು 2017ರಲ್ಲಿ ಪ್ರಕಟವಾದ ಆ ಅಧ್ಯಯನವು ಹೇಳುತ್ತದೆ. ಕೈ ಏಳದು, ಕಾಲು ಅಲುಗದು, ದನಿ ಹೊರಡದು. ಇದು ಮನಸ್ಸಿನ ಒಪ್ಪಿಗೆಯೂ ಅಲ್ಲ, ಹೇಡಿತನವೂ ಅಲ್ಲ. ಅತಿಭಯದಲ್ಲಿ ಶರೀರವು ಇಚ್ಛೆಯ ಅಂಕೆಯನ್ನು ಮೀರಿ ತಾನಾಗಿ ಮರಗಟ್ಟುವ ಸ್ಥಿತಿ. ಇನ್ನು ಕೆಲವರು ಮಗುವನ್ನು ಉಳಿಸಲೆಂದೋ ಕತ್ತಿಯ ಮೊನೆಗೆ ಅಂಜಿಯೋ ಸುಮ್ಮನಾಗುತ್ತಾರೆ. ಅಂಥವರು ಬದುಕಿ ಉಳಿದುದೇ ಅವರ ಆತ್ಮರಕ್ಷಣೆ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಆತ್ಮರಕ್ಷಣೆಯು ಸ್ತ್ರೀಯ ಹಕ್ಕು. ಅದನ್ನು ಸಾಧಿಸದಿದ್ದರೆ ಅವಳು ತಪ್ಪಿತಸ್ಥಳಾಗುವಂಥ ಹೊಣೆಯಲ್ಲ. ಹೊಣೆಯಲ್ಲವಾದರೆ ಆ ವಿದ್ಯೆಯನ್ನು ಕಲಿಸುವುದೇತಕ್ಕೆ ಎಂದು ಕೆಲವರು ಆಕ್ಷೇಪಿಸಬಹುದು. ಇನ್ನು ಕೆಲವರು, ಕಲಿಸಿದರೆ ತಪ್ಪೆಲ್ಲ ಅವಳ ಮೇಲೆಯೇ ಬೀಳುವುದರಿಂದ ಕಲಿಸದಿರುವುದೇ ಲೇಸು ಎನ್ನಬಹುದು. ಕೆರೆಯ ದಡದ ಊರಿನಲ್ಲಿ ಮಕ್ಕಳಿಗೆ ಈಜು ಕಲಿಸುವುದು ವಿವೇಕ. ಆದರೆ ದುರುಳನೊಬ್ಬನು ಒಂದು ಮಗುವನ್ನು ನೀರಿಗೆ ನೂಕಿದಾಗ, ‘ಅದು ಏಕೆ ಈಜಲಿಲ್ಲ?’ ಎಂದು ಊರಿನ ಪಂಚಾಯಿತಿಯು ವಿಚಾರಣೆಗೆ ಕುಳಿತರೆ ಅದು ಅವಿವೇಕ ಮಾತ್ರವಲ್ಲ, ಅಧರ್ಮ. ಈಜು ಕಲಿಸುವುದು ಹಿರಿಯರ ಕರ್ತವ್ಯ. ನೂಕಿದವನನ್ನು ಹಿಡಿಯುವುದು ಊರಿನ ಕರ್ತವ್ಯ. ನೂಕದಿರುವುದು ಪ್ರತಿಯೊಬ್ಬನ ಕರ್ತವ್ಯ. ಮುಳುಗಿದವಳ ಪಾಲಿಗೆ ಇಲ್ಲಿ ಯಾವ ಅಪರಾಧವೂ ಉಳಿಯುವುದಿಲ್ಲ.

ಆದುದರಿಂದ ಶಾಲೆಗಳಲ್ಲಿಯೂ ಪ್ರಸಾದನಿಲಯಗಳಲ್ಲಿಯೂ ಹೆಣ್ಣುಮಕ್ಕಳಿಗೆ ಈ ವಿದ್ಯೆಯನ್ನು ಕಲಿಸತಕ್ಕದ್ದು ಅವಶ್ಯ. ಅದೇ ಶಾಲೆಯ ಗಂಡುಮಕ್ಕಳಿಗೆ ‘ಒಲ್ಲೆ’ ಎಂಬ ಮಾತನ್ನು ಕೇಳಿ ಅಲ್ಲಿಯೇ ನಿಲ್ಲುವ ಸಂಯಮವನ್ನು ಕಲಿಸುವುದು ಅದಕ್ಕಿಂತಲೂ ಅವಶ್ಯ. ನೊಂದವಳು ಮನೆಗೆ ಬಂದು ಬಾಯಿಬಿಟ್ಟಾಗ, ‘ನೀನೇನು ಮಾಡಿದೆ?’ ಎಂದು ಕೇಳದೆ, ‘ನಿನಗೇನಾಯಿತು ಮಗಳೇ?’ ಎಂದು ಕೇಳುವ ತಂದೆತಾಯಿಗಳು ಇರುವ ಮನೆಯಲ್ಲಿ ಅವಳ ರಕ್ಷಣೆಯ ಅರ್ಧಭಾಗವು ಆಗಲೇ ಸಿದ್ಧವಾಗಿರುತ್ತದೆ. ಉಳಿದ ಅರ್ಧವನ್ನು ಅವಳು ಕಲಿಯಬಲ್ಲಳು.