ಪರಿಚಯಕ್ಕೆ ಮೊದಲು ಕೆಲಸ

ಕೆಲಸ ಬೇಕಾದಾಗ ಪರಿಚಯ ಹುಡುಕುವುದು ಸ್ವಾರ್ಥ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆನ್ನುವವರಿಗೆ ಸಾಮಾನ್ಯವಾಗಿ ಕಾಲೇಜಿನ ಹಿರಿಯರೋ, ನೆಂಟರೋ, ಜಾತಿಯ ಬಳಗವೋ ಮೊದಲೇ ಇರುತ್ತದೆ. ಚಳ್ಳಕೆರೆಯ ಕಡೆಯಿಂದ ಬಂದು, ವರ್ತೂರಿನ ಪಿ.ಜಿ.ಯೊಂದರಲ್ಲಿ ಇಳಿದುಕೊಂಡು ವೈಟ್‌ಫೀಲ್ಡಿನ ಕಂಪನಿಗಳಿಗೆ ಅರ್ಜಿ ಹಾಕುವ, ಮನೆತನದಲ್ಲೇ ಮೊದಲು ಪದವಿ ಪಡೆದ ಹುಡುಗಿಗೆ ಅದ್ಯಾವುದೂ ಇಲ್ಲ. ಅವಳು ಅಪರಿಚಿತರನ್ನೇ ಮಾತಾಡಿಸಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧ ಅವಳ ಪರವಾಗಿದೆ. ಅವರು ಮಾತಾಡಿಸಿದವರ ಪೈಕಿ ಪರಿಚಯದಿಂದ ಕೆಲಸ ಸಿಕ್ಕವರಲ್ಲಿ, ಆ ಪರಿಚಯಸ್ಥರನ್ನು ಆಗಾಗ ಕಾಣುತ್ತಿದ್ದವರು ನೂರಕ್ಕೆ 17ರಷ್ಟು ಮಾತ್ರ. ಆಪ್ತರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ. ಹೊಸದು ಹೊರಗಿನಿಂದಲೇ ಬರಬೇಕು.

ಹಾಗಾದರೆ ಪರಿಚಯದ ಈ ವ್ಯವಹಾರದಲ್ಲಿ ಸುಳ್ಳು ಎಲ್ಲಿ ಹೊಗುತ್ತದೆ? ಸುದ್ದಿ ಯಾರಿಂದಲಾದರೂ ಬರಬಹುದು, ಸಾಕ್ಷಿ ಹಾಗಲ್ಲ. ಐಟಿ ಕಂಪನಿಗಳಲ್ಲಿ ರೆಫರಲ್ ಪದ್ಧತಿ ಇದೆ. ನಾವು ಸೂಚಿಸಿದವರು ಸೇರಿಕೊಂಡರೆ ಎಷ್ಟೋ ಕಡೆ ಬೋನಸ್ ಕೂಡ ಸಿಗುತ್ತದೆ. ಒಮ್ಮೆಯೂ ಜೊತೆಗೆ ದುಡಿಯದವರ ರೆಸ್ಯೂಮೆಯನ್ನು ಮುಂದಕ್ಕೆ ಕಳಿಸಿ ‘ಒಳ್ಳೆಯವರು’ ಎಂದರೆ ಆ ಮಾತಿಗೆ ಆಧಾರವೇನು?

ಇದಕ್ಕೆ ಎದುರಾಗಿ ಹಳ್ಳಿಯ ಮುಯ್ಯಾಳು ಪದ್ಧತಿಯನ್ನು ನೋಡಿ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಲೆಕ್ಕ ಆಳಿಗೆ ಆಳು. ಪ್ರಯೋಜನದ ಆಸೆಯನ್ನು ಯಾರೂ ಮುಚ್ಚಿಡುವುದಿಲ್ಲ. ಆದರೂ ಆ ನಂಟು ಗಟ್ಟಿ. ಯಾರ ಕೈ ಚುರುಕು, ಬಿಸಿಲೇರಿದಾಗ ಯಾರು ಮೆಲ್ಲಗೆ ಬದುವಿಗೆ ಸರಿಯುತ್ತಾರೆ ಎಂಬುದನ್ನು ಎಲ್ಲರೂ ಕಣ್ಣಾರೆ ಕಂಡಿರುತ್ತಾರೆ. 1785ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಕೂಡ ಇನ್ನೊಬ್ಬರನ್ನು ಸಾಧನವಾಗಿಸಿಕೊಳ್ಳಲೇಬಾರದು ಎನ್ನಲಿಲ್ಲ, ಬರೀ ಸಾಧನವಾಗಿ ಕಾಣಬಾರದು ಎಂದ. ಆ ‘ಬರೀ’ಯನ್ನು ದಾಟಿಸುವುದು ಸಿಹಿಮಾತಲ್ಲ, ಜೊತೆಗೆ ಮಾಡಿದ ಕೆಲಸ.

ವರ್ತೂರಿನಲ್ಲೇ ಇದಕ್ಕೆ ನಿದರ್ಶನವಿದೆ. 2015ರಲ್ಲಿ ಕೆರೆಯ ಕೋಡಿಯಲ್ಲಿ ನೊರೆ ಉಕ್ಕಿ ರಸ್ತೆಗೆ ಹಾರತೊಡಗಿದಾಗ ಊರಿನವರೂ ಅಪಾರ್ಟ್‌ಮೆಂಟಿನ ಟೆಕ್ಕಿಗಳೂ ಕೆರೆಗಾಗಿ ದನಿ ಎತ್ತಿದರು. ಅಲ್ಲಿ ಯಾರೂ ವಿಸಿಟಿಂಗ್ ಕಾರ್ಡ್ ಹಂಚಲು ಬಂದವರಲ್ಲ. ಆದರೆ ಅಂಥ ಕಡೆ, ಅರ್ಜಿ ಬರೆಯುವವರು ಯಾರು, ಫೋಟೋ ತೆಗೆಸಿಕೊಂಡು ಹೊರಡುವವರು ಯಾರು ಎಂಬುದು ತಾನಾಗಿ ಗೊತ್ತಾಗುತ್ತದೆ. ನಾಳೆ ಒಬ್ಬರ ಬಗ್ಗೆ ಯಾರಾದರೂ ಕೇಳಿದರೆ ಹೇಳಲು ಏನಾದರೂ ಇರುತ್ತದೆ.

ಹೀಗೆ ಜೊತೆಗೆ ದುಡಿಯುವ ಅವಕಾಶ ಹುಡುಕುವ ಹೊಣೆಯನ್ನು ಹೊಸಬರ ತಲೆಗೇ ಕಟ್ಟುವುದು ಅನ್ಯಾಯ. ‘ಎಲ್ಲರೊಂದಿಗೆ ಬೆರೆಯಿರಿ’ ಎಂದು ಉಪದೇಶಿಸುವ ಕಂಪನಿಗಳು ಪರಿಚಯದ ಸಂಜೆಕೂಟಗಳ ಬದಲು, ಹೊಸಬರನ್ನು ಒಂದೆರಡು ವಾರ ಬೇರೆ ತಂಡದ ನಿಜವಾದ ಕೆಲಸಕ್ಕೆ ಕೂರಿಸಲಿ. ಗುತ್ತಿಗೆ ನೌಕರರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅದೇ ಕೋಡ್ ಬರೆದರೂ ಬ್ಯಾಡ್ಜಿನ ಬಣ್ಣ ಬೇರೆ ಎಂಬ ಕಾರಣಕ್ಕೆ ಅವರನ್ನು ತಂಡದ ಸಭೆಯಿಂದ ಹೊರಗಿಟ್ಟರೆ, ಗುತ್ತಿಗೆ ಮುಗಿದ ದಿನ ಅವರ ಕೆಲಸಕ್ಕೆ ಒಬ್ಬ ಸಾಕ್ಷಿಯೂ ಇರುವುದಿಲ್ಲ.